ಸೇತುವೆ ಯಾರದು?

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡಿನ ಅರಸರನ್ನೂ ಕವಿಗಳನ್ನೂ ನೆನೆಯುವುದು ನಮ್ಮಲ್ಲಿ ವಾಡಿಕೆ. ಅದು ತಕ್ಕದ್ದೇ. ಆದರೆ ಈ ಸಲ ಆ ವಾಡಿಕೆಯಿಂದ ತುಸು ಪಕ್ಕಕ್ಕೆ ಸರಿದು, ಕಲ್ಲುಗಾರೆಗಳ ಒಂದು ವಸ್ತುವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದು ಸೇತುವೆ. ಹಬ್ಬದ ದಿನ ಈ ವಿಷಯವೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ ಅದು ಸಹಜ. ಕೊನೆಯವರೆಗೆ ಕೇಳಿ, ಆಮೇಲೆ ತೀರ್ಮಾನ ಮಾಡಿರಿ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಅಂದು ನಾಡು ಒಂದಾಯಿತು; ಅದೇ ಈ ಹಬ್ಬದ ಮೂಲ. ಆದರೆ ಅದಕ್ಕೂ ಮೊದಲೇ ಈ ನಗರದಲ್ಲಿ ಮನೆ ಮಾಡಿಕೊಂಡಿದ್ದ ನಮ್ಮ ಹಿರಿಯರ ಪಾಡನ್ನು ನೆನೆಯಿರಿ. ಅವರು ತಮ್ಮದೇ ರಾಜ್ಯದ ರಾಜಧಾನಿಯಲ್ಲಿದ್ದವರು, ಬೆಳಗಾಗುವುದರೊಳಗೆ ಹೊರನಾಡಿನವರಾದರು. ಅವರು ಕದಲಲಿಲ್ಲ, ಗಡಿ ಕದಲಿತು. ಅಂದಿನಿಂದ ಇಂದಿನವರೆಗೆ ನಮ್ಮ ಬಾಳು ಎರಡು ದಡಗಳ ಬಾಳಾಗಿದೆ. ಒಂದು ದಡದಲ್ಲಿ ಅಜ್ಜನ ಮನೆ, ಹೊಲ, ಮನೆದೇವರ ಜಾತ್ರೆ. ಇನ್ನೊಂದು ದಡದಲ್ಲಿ ಉದ್ಯೋಗ, ಮಕ್ಕಳ ಶಾಲೆ, ನೆರೆಹೊರೆ. ಎರಡು ದಡಗಳ ನಡುವೆ ಬಾಳುವವರಿಗೆ ಸೇತುವೆಯ ಬೆಲೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಈ ನಗರವೇ ಸೇತುವೆಯಿಂದ ಹುಟ್ಟಿದ್ದು ಎಂದರೆ ಅತಿಶಯೋಕ್ತಿಯಲ್ಲ. ಗೋಲ್ಕೊಂಡದ ಅರಸ ಇಬ್ರಾಹಿಂ ಕುಲಿ ಕುತುಬ್ ಶಾಹನು ಮೂಸಿ ನದಿಯ ಮೇಲೆ ಪುರಾನಾ ಪುಲ್ ಕಟ್ಟಿಸಿದ್ದು 1578ರಲ್ಲಿ. ಚಾರ್ಮಿನಾರ್ ಎದ್ದದ್ದು 1591ರಲ್ಲಿ. ಎಂದರೆ ಸೇತುವೆ ಮೊದಲು, ಹದಿಮೂರು ವರ್ಷಗಳ ಮೇಲೆ ಊರು. ಕೋಟೆಯ ಗದ್ದಲವನ್ನು ಬಿಟ್ಟು ಜನ ಆಚೆ ದಡಕ್ಕೆ ಹೋಗಲು ದಾರಿಯಾದ ಮೇಲೆ ಅಲ್ಲಿ ಊರು ಬೆಳೆಯಿತು. ಈ ಸೇತುವೆಗೆ 22 ಕಮಾನುಗಳು. ಉದ್ದ ಸುಮಾರು 600 ಅಡಿ, ಅಗಲ ಸುಮಾರು 35 ಅಡಿ. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಇದನ್ನು ಕಂಡು, ತನ್ನ ಪ್ಯಾರಿಸ್ಸಿನ ಪೋಂ ನಫ್ ಸೇತುವೆಗೆ ಹೋಲಿಸಿ ಮೆಚ್ಚಿಕೊಂಡಿದ್ದಾನೆ. ರಾಜಕುಮಾರನೊಬ್ಬ ತನ್ನ ಪ್ರೇಯಸಿಯನ್ನು ಕಾಣಲು ನೆರೆಯಲ್ಲಿ ಕುದುರೆ ಹಾಯಿಸಿದನೆಂದೂ, ಮಗನ ಪ್ರಾಣಕ್ಕೆ ಹೆದರಿದ ತಂದೆ ಸೇತುವೆ ಕಟ್ಟಿಸಿದನೆಂದೂ ಊರಿನಲ್ಲಿ ಕಥೆಯುಂಟು. ಸೇತುವೆ ಕಟ್ಟಿದಾಗ ಆ ರಾಜಕುಮಾರನಿಗೆ ಹದಿಮೂರರ ಆಸುಪಾಸಿನ ವಯಸ್ಸೆಂದು ಲೆಕ್ಕ ಹಾಕಿದವರು ಈ ಕಥೆಯನ್ನು ನಂಬುವುದಿಲ್ಲ. ಕಥೆ ಹೇಗಾದರೂ ಇರಲಿ. ಸೇತುವೆ ಕಟ್ಟುವುದು ಆಚೆ ದಡದ ಮನುಷ್ಯನಿಗಾಗಿ ಎಂಬ ತಿಳಿವು ಅದರಲ್ಲಿದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿಯಿತು. ಸತ್ತವರು ಸುಮಾರು 15,000 ಮಂದಿ ಎಂದು ಅಂದಾಜು. ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಮೂರೂ ಕೊಚ್ಚಿಹೋದವು. ನಗರದ ಎರಡು ಭಾಗಗಳಿಗೆ ಉಳಿದ ಒಂದೇ ಕೊಂಡಿ, ಮುನ್ನೂರು ವರ್ಷಗಳನ್ನು ಮೀರಿದ್ದ ಪುರಾನಾ ಪುಲ್. ಉಸ್ಮಾನಿಯಾ ಆಸ್ಪತ್ರೆಯ ಬಳಿಯ ಹುಣಿಸೇಮರವನ್ನು ಹತ್ತಿ ಸುಮಾರು ನೂರೈವತ್ತು ಜನ ಅಂದು ಬದುಕಿಕೊಂಡರೆಂದು ಹೇಳುತ್ತಾರೆ. ಆ ಮರವನ್ನು ಇಂದಿಗೂ ಜನ ಗೌರವದಿಂದ ತೋರಿಸುತ್ತಾರೆ.

ಈ ದುರಂತವಾದ ಮೇಲೆ ನಿಜಾಮ ಸರ್ಕಾರ ಕರೆಸಿಕೊಂಡದ್ದು ಯಾರನ್ನು? ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರು 1909ರ ಏಪ್ರಿಲ್ ತಿಂಗಳಲ್ಲಿ ಇಲ್ಲಿಗೆ ಬಂದರು. ನೀರನ್ನು ಊರಿನೊಳಗೆ ಬಂದ ಮೇಲೆ ಹೊಡೆದಾಡಿ ಓಡಿಸುವುದಲ್ಲ, ಊರಿಗೆ ಬರುವ ಮೊದಲೇ ತಡೆಯಬೇಕು ಎಂಬುದು ಅವರ ಸಲಹೆಯ ಸಾರ. ಅದರ ಫಲವಾಗಿ ಮೂಸಿಗೆ ಅಡ್ಡಲಾಗಿ 1920ರಲ್ಲಿ ಉಸ್ಮಾನ್ ಸಾಗರವೂ, ಈಸಿಗೆ ಅಡ್ಡಲಾಗಿ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಅವರು ಅಣೆಕಟ್ಟಿನಲ್ಲಿಗೇ ನಿಲ್ಲಲಿಲ್ಲ. ನದಿಯ ದಂಡೆಗಳನ್ನು ಎತ್ತರಿಸಿ, ಅಲ್ಲಿ ಉದ್ಯಾನಗಳನ್ನೂ ಜನ ತಿರುಗಾಡುವ ಹಾದಿಗಳನ್ನೂ ಮಾಡಬೇಕೆಂದರು. ಎಂಜಿನಿಯರು ನೀರಿನ ಲೆಕ್ಕ ಬಲ್ಲವನು. ದೊಡ್ಡ ಎಂಜಿನಿಯರು ದಡದಲ್ಲಿ ನಡೆಯುವ ಮನುಷ್ಯನ ಲೆಕ್ಕವನ್ನೂ ಬಲ್ಲವನು. ಅವರ ಮನೆತನದ ಹೆಸರಿನ ಮೋಕ್ಷಗುಂಡಂ ಆಂಧ್ರದ ಊರು, ಹುಟ್ಟೂರು ಕನ್ನಡ ನಾಡು. ಅವರನ್ನು ನಮ್ಮವರೆಂದು ತೆಲುಗರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ಇದರಲ್ಲಿ ಜಗಳಕ್ಕೆ ಎಡೆಯಿಲ್ಲ. ಸೇತುವೆಯನ್ನು ಎರಡು ದಡದವರೂ ನಮ್ಮದೆನ್ನುವುದು ಸ್ವಭಾವವಷ್ಟೆ.

ಇನ್ನು ಬಸ್ಸಿನ ಮಾತು. ಹೈದರಾಬಾದಿನಲ್ಲಿ ಸರ್ಕಾರಿ ಬಸ್ಸು ಹೊರಟದ್ದು 1932ರ ಜೂನ್ ತಿಂಗಳಲ್ಲಿ. ನಿಜಾಮ ಸಂಸ್ಥಾನದ ರೈಲ್ವೆಯವರು 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ಆರಂಭಿಸಿದರು. ಗೌಲಿಗುಡಾದ ಆ ದೊಡ್ಡ ತಗಡಿನ ಕಮಾನಿನ ಬಸ್ ನಿಲ್ದಾಣವನ್ನು ನಮ್ಮ ಹಿರಿಯರು ಮರೆಯಲಾರರು; ಅದು 2018ರ ಜುಲೈನಲ್ಲಿ ಕುಸಿದುಬಿತ್ತು. ಅದರ ಸಮೀಪದಲ್ಲೇ, ಮೂಸಿಯ ನಡುಗಡ್ಡೆಯ ಮೇಲೆ, 1994ರಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ನಡೆಯುತ್ತಿದೆ. ಕಲಬುರಗಿ, ಬೀದರ, ರಾಯಚೂರು, ಬೆಂಗಳೂರುಗಳ ಬಸ್ಸುಗಳಿಗಾಗಿ ನಾವು ಹೋಗುವುದು ಅಲ್ಲಿಗೇ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಹಣೆಯ ಮೇಲೆ ಕನ್ನಡದ ಫಲಕ ಕಂಡೊಡನೆ ಅರ್ಧ ಊರು ತಲುಪಿದಂತೆ ಮನಸ್ಸು ಹಗುರವಾಗುವುದು ನಿಮಗೆಲ್ಲ ಅನುಭವದ ಮಾತು.

ನಿಲ್ದಾಣ ನದಿಯ ನಡುವೆ ಇರುವುದರಿಂದ ಅದರೊಳಗೆ ಹೋಗುವ ಹಾದಿಯೂ ಹೊರಗೆ ಬರುವ ಹಾದಿಯೂ ಸೇತುವೆಗಳೇ. 2025ರ ಸೆಪ್ಟೆಂಬರ್ 26ರ ರಾತ್ರಿ ಮೇಲಿನ ಆ ಎರಡು ಸಾಗರಗಳ ಬಾಗಿಲುಗಳನ್ನು ತೆರೆಯಬೇಕಾಗಿ ಬಂದು, ಮೂಸಿಯ ನೀರು ನಿಲ್ದಾಣಕ್ಕೆ ನುಗ್ಗಿತು. ಹಾದಿಯ ಸೇತುವೆಗಳು ಮುಳುಗಿ ಪ್ರಯಾಣಿಕರು ಸಿಕ್ಕಿಕೊಂಡರು. ಪೋಲೀಸರೂ ರಕ್ಷಣಾ ದಳದವರೂ ಅವರನ್ನು ಹೊರತಂದರು. ಬಸ್ಸುಗಳನ್ನು ನಗರದ ಬೇರೆ ಕಡೆಗಳಿಂದ ಬಿಡಬೇಕಾಯಿತು. 1908ರ ಆ ದಿನಕ್ಕೆ ಆಗ ಸರಿಯಾಗಿ ನೂರ ಹದಿನೇಳು ವರ್ಷ ತುಂಬುವುದಿತ್ತು. ದಸರೆಗೆ ಊರಿಗೆ ಹೊರಡುವ ಹೊತ್ತು ಅದು. ಕಾರುಳ್ಳವರು ಬೇರೆ ದಾರಿ ಹಿಡಿದು ಹೋಗಬಲ್ಲರು. ಗಂಟುಮೂಟೆ, ಮಕ್ಕಳು ಮರಿಗಳೊಡನೆ ಬಸ್ಸನ್ನೇ ನಂಬಿದವರಿಗೆ ಬೇರೆ ದಾರಿಯಿರುವುದಿಲ್ಲ. ಸೇತುವೆ ಮುಳುಗಿದಾಗ ಯಾರಿಗೆ ಹೆಚ್ಚು ಕಷ್ಟ ಎಂದು ಕೇಳಿದರೆ ಸೇತುವೆ ಯಾರದು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ನಮ್ಮ ಮಲೆನಾಡು, ಕರಾವಳಿಗಳಲ್ಲಿ ಕಾಲುಸಂಕ ಎಂಬ ಮಾತುಂಟು. ಅಡಕೆಮರದ ದಬ್ಬೆಗಳನ್ನೋ ಒಂದು ಮರದ ದಿಮ್ಮಿಯನ್ನೋ ಹಳ್ಳಕ್ಕೆ ಅಡ್ಡ ಹಾಕಿದರೆ ಅದು ಕಾಲುಸಂಕ. ಹೆಸರಿನಲ್ಲೇ ಹಕ್ಕುಪತ್ರವಿದೆ: ಅದು ಕಾಲಿಗೆ ಸೇರಿದ್ದು. ಶಾಲೆಗೆ ಹೋಗುವ ಮಗು, ಹುಲ್ಲು ಹೊತ್ತ ಹೆಣ್ಣುಮಗಳು, ಇವರೇ ಅದರ ಒಡೆಯರು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕದಲ್ಲೂ ನೆರೆರಾಜ್ಯಗಳಲ್ಲೂ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರ ತೂಗುಸೇತುವೆಗಳು ನಡೆಯುವವರಿಗಾಗಿಯೇ ಇರುವವು; ಆದರೂ ಆ ಸೇತುವೆ ಅರ್ಧ ಸೇತುವೆ ಎಂದು ಆ ಹಳ್ಳಿಗಳವರು ಎಂದೂ ಹೇಳಿಲ್ಲ. ಮಳೆಗಾಲದಲ್ಲಿ ಆಸ್ಪತ್ರೆಗೆ ದಾರಿಯಾದರೆ ಅದೇ ಪೂರ್ಣ ಸೇತುವೆ.

ಹಳ್ಳಿಯಲ್ಲಿ ಇಷ್ಟು ಸುಲಭವಾಗಿ ತಿಳಿಯುವ ವಿಷಯ ನಗರಕ್ಕೆ ಬಂದರೆ ತಲೆಕೆಳಗಾಗುತ್ತದೆ. ಇಲ್ಲಿ ಸೇತುವೆ ಎಂದರೆ ಕಾರಿನದು. ನಡೆಯುವವನು ಅದರ ಅಂಚಿನಲ್ಲಿ, ಅಂಚೂ ಇದ್ದರೆ, ಉಸಿರು ಬಿಗಿಹಿಡಿದು ಹೋಗಬೇಕು. ಒಂದು ಸಣ್ಣ ಲೆಕ್ಕ ನೋಡೋಣ. ಐವತ್ತು ಜನರನ್ನು ನದಿ ದಾಟಿಸಬೇಕಾಗಿದೆ ಎನ್ನಿ. ಒಂದು ಬಸ್ಸು ಸಾಕು. ಅದರ ಉದ್ದ 12 ಮೀಟರು. ಅದೇ ಐವತ್ತು ಜನ ಕಾರಿಗಿಬ್ಬರಂತೆ ಹೊರಟರೆ 25 ಕಾರುಗಳು. ಒಂದೊಂದಕ್ಕೆ 4 ಮೀಟರು, ನಡುವೆ 2 ಮೀಟರು ಬಿಟ್ಟರೂ 150 ಮೀಟರು ಬೇಕು. ಪುರಾನಾ ಪುಲ್ಲಿನ ಉದ್ದವೇ ಸುಮಾರು 183 ಮೀಟರು. ಒಂದು ಬಸ್ಸಿನ ಜನ ಕಾರಿನಲ್ಲಿ ಕೂತರೆ ಅಷ್ಟು ದೊಡ್ಡ ಸೇತುವೆಯ ಒಂದು ಸಾಲು ಬಹುಮಟ್ಟಿಗೆ ತುಂಬಿಹೋಯಿತು! ಸೇತುವೆ ಕಿರಿದಾಗಿದೆ ಎಂದು ಗೊಣಗುತ್ತೇವೆ. ಕಿರಿದಾದದ್ದು ಸೇತುವೆಯಲ್ಲ, ಅದರ ಮೇಲೆ ನಾವು ಹರಡಿಕೊಳ್ಳುವ ಬಗೆ ಅಗಲವಾಗಿದೆ.

ಬೇರೆ ಊರುಗಳಲ್ಲಿ ಏನು ಮಾಡಿದ್ದಾರೆ? ಲಂಡನ್ ನಗರದಲ್ಲಿ ಥೇಮ್ಸ್ ನದಿಯ ಮೇಲೆ 1887ರ ಹ್ಯಾಮರ್‌ಸ್ಮಿತ್ ಸೇತುವೆ ಇದೆ. ಕಬ್ಬಿಣದಲ್ಲಿ ಬಿರುಕು ಕಂಡುದರಿಂದ 2019ರ ಏಪ್ರಿಲ್‌ನಲ್ಲಿ ಮೋಟಾರು ವಾಹನಗಳಿಗೆ ಅದನ್ನು ಮುಚ್ಚಿದರು. ನಡೆಯುವವರಿಗೂ ಸೈಕಲ್ಲಿನವರಿಗೂ ಅದು ನೆಮ್ಮದಿಯ ಹಾದಿಯಾಯಿತು. ಆದರೆ ಕಾರುಗಳೊಡನೆ ಬಸ್ಸುಗಳೂ ತಪ್ಪಿಹೋದುದರಿಂದ, ನಡೆಯಲಾರದ ಮುದುಕರು ಸುತ್ತುದಾರಿ ಹಿಡಿಯಬೇಕಾಯಿತು. ಅಮೆರಿಕದ ಪೋರ್ಟ್‌ಲೆಂಡ್ ನಗರದವರು ಬೇರೆ ಬಗೆಯಾಗಿ ಯೋಚಿಸಿದರು. 2015ರ ಸೆಪ್ಟೆಂಬರ್‌ನಲ್ಲಿ ಅವರು ತೆರೆದ ಸೇತುವೆಯ ಮೇಲೆ ಬಸ್ಸು, ನಗರದ ರೈಲು, ಸೈಕಲ್ಲು, ಕಾಲುನಡಿಗೆ ಇಷ್ಟಕ್ಕೇ ಅವಕಾಶ. ಆಪತ್ತಿನ ವಾಹನಗಳು ಹೋಗಬಹುದು, ಸ್ವಂತದ ಕಾರುಗಳು ಹೋಗಕೂಡದು. ಅದಕ್ಕೆ ತಿಲಿಕುಂ ಎಂದು ಹೆಸರಿಟ್ಟರು. ಆ ಸೀಮೆಯ ಮೂಲನಿವಾಸಿಗಳ ಬಳಕೆಯ ಮಾತಿನಲ್ಲಿ ಅದರ ಅರ್ಥ ‘ಜನ’. ಈ ಎರಡು ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಕಾರನ್ನು ತಡೆದರಷ್ಟೇ ಸಾಲದು, ಬಸ್ಸನ್ನು ಉಳಿಸಿಕೊಳ್ಳಬೇಕು. ಬಸ್ಸೇ ಮುದುಕರ ಕಾಲು.

ನಮ್ಮ ಊರಿಗೂ ಈ ವಿಚಾರ ತೀರ ಹೊಸದಲ್ಲ. 2020ರ ಸೆಪ್ಟೆಂಬರ್ 25ರಂದು ದುರ್ಗಂ ಚೆರುವಿನ ತೂಗುಸೇತುವೆ ತೆರೆದಾಗ, ಮೊದಮೊದಲು ವಾರದ ಕೊನೆಯಲ್ಲಿ ವಾಹನಗಳನ್ನು ತಡೆದು ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದ್ದರು. ಜನ ಜಾತ್ರೆಯಂತೆ ನೆರೆದರು. 2023ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯ ಪಕ್ಕದಲ್ಲಿ 23 ಕಿಲೋಮೀಟರಿನ ಸೈಕಲ್ ಹಾದಿ ಸಿದ್ಧವಾಯಿತು. ಅದಕ್ಕೆ ಸೂರ್ಯಶಕ್ತಿಯ ಹಲಗೆಗಳ ಮಾಡೂ ಉಂಟು. ಚಾರ್ಮಿನಾರಿನ ಸುತ್ತ ವಾಹನಗಳನ್ನು ದೂರವಿಟ್ಟು ಕಲ್ಲು ಹಾಸಿದ್ದಾರೆ. ಇವೆಲ್ಲ ಒಳ್ಳೆಯವೇ. ಆದರೆ ದುರ್ಗಂ ಚೆರುವಿಗೆ ಜನ ಹೋಗುವುದು ನೋಡಲು. ಸೈಕಲ್ ಹಾದಿಗೆ ಹೋಗುವುದು ಹೆಚ್ಚಾಗಿ ಮೈ ಕರಗಿಸಲು. ಕೆಲಸಕ್ಕೆ ಹೋಗಲು, ಔಷಧ ತರಲು, ಬಸ್ಸು ಹಿಡಿಯಲು ದಿನಾಲು ಮೂಸಿ ದಾಟುವವನಿಗೆ ಏನು ಸಿಕ್ಕಿತು?

ಅವನಿಗೆ ಸಿಕ್ಕಿರುವುದು ಆ ಹಳೆಯ ಪುರಾನಾ ಪುಲ್ ಒಂದೇ. ವಾಹನಗಳ ಭಾರ ಪಕ್ಕದ ಹೊಸ ಸೇತುವೆಯ ಪಾಲಾಯಿತು. ಹಳೆಯದರ ಮೇಲೆ ತರಕಾರಿ ಮಾರುವವರು ಕುಳಿತರು. ಯಾವ ಯೋಜನೆಯೂ ಇಲ್ಲದೆ ಅದು ಜನರ ಸೇತುವೆಯಾಯಿತು. ಕುತುಬ್ ಶಾಹಿಯ ಕಲ್ಲಿನ ಮೇಲೆ ಬದನೆಕಾಯಿ, ಮೆಂತ್ಯದ ಸೊಪ್ಪು ಹರಡಿರುವುದನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ಕಸ ತೆಗೆಯಬೇಕು, ಕಲ್ಲಿನ ಸಂದುಗಳಲ್ಲಿ ಗಿಡ ಬೆಳೆಯದಂತೆ ನೋಡಿಕೊಳ್ಳಬೇಕು, ನಿಜ. ಆದರೆ ಆ ವ್ಯಾಪಾರಿಗಳನ್ನು ಎಬ್ಬಿಸಿ ಸೇತುವೆಯನ್ನು ಬರಿಯ ಚಿತ್ರವಾಗಿ ಮಾಡಬೇಕೆಂಬ ಮಾತನ್ನು ನಾವು ಒಪ್ಪಲಾರೆವು. ನಾನೂರೈವತ್ತು ವರ್ಷಗಳಿಗೆ ಸಮೀಪಿಸುತ್ತಿರುವ ಸೇತುವೆ ಇನ್ನೂ ಒಂದಷ್ಟು ಮನೆಗಳ ಒಲೆ ಉರಿಸುತ್ತಿದೆ ಎಂದರೆ ಅದಕ್ಕಿಂತ ದೊಡ್ಡ ಬಿರುದು ಅದಕ್ಕೆ ಬೇಕಿಲ್ಲ.

ಈಗ ನಮ್ಮ ಸೂಚನೆ. ಅಫ್ಜಲ್‌ಗಂಜಿನ ನಯಾ ಪುಲ್ ನಿಮಗೆ ಗೊತ್ತು. ಹೊಸದು ಎಂಬ ಹೆಸರು ಮಾತ್ರ, ಅದೂ ಹಳೆಯದಾಯಿತು. ಅದರ ಉತ್ತರಕ್ಕೆ ಉಸ್ಮಾನಿಯಾ ಆಸ್ಪತ್ರೆಯೂ ರಾಜ್ಯ ಕೇಂದ್ರ ಗ್ರಂಥಾಲಯವೂ ಇವೆ. ದಕ್ಷಿಣಕ್ಕೆ ಹೈಕೋರ್ಟಿನ ಕಟ್ಟಡ, ಮುಂದೆ ಚಾರ್ಮಿನಾರಿನ ದಾರಿ. ರೋಗಿ, ವಿದ್ಯಾರ್ಥಿ, ಕಕ್ಷಿದಾರ, ಯಾತ್ರಿಕ, ಎಲ್ಲರೂ ಅಲ್ಲಿ ಬಸ್ಸಿನಿಂದ ಇಳಿದು ನಡೆಯುವವರು. ಈ ಸೇತುವೆಯನ್ನು ಮೊದಲಿಗೆ ಭಾನುವಾರದ ಬೆಳಗಿನ ಹೊತ್ತಾದರೂ ಬಸ್ಸು, ಸೈಕಲ್ಲು, ಕಾಲುನಡಿಗೆ ಈ ಮೂರಕ್ಕೆ ಮೀಸಲಿಟ್ಟು ನೋಡಬಾರದೇಕೆ? ಕೆಲವು ತಿಂಗಳು ಪ್ರಯೋಗ ಮಾಡಿ, ಎಷ್ಟು ಜನ ದಾಟಿದರು, ಎಷ್ಟು ಹೊತ್ತಿನಲ್ಲಿ ದಾಟಿದರು ಎಂದು ಎಣಿಸಿ, ಆಮೇಲೆ ಮುಂದುವರಿಯಲಿ. ಇದರ ಜೊತೆಗೆ ಮಹಾತ್ಮಾ ಗಾಂಧಿ ನಿಲ್ದಾಣದ ಹಾದಿಯ ಸೇತುವೆಗಳು ನೆರೆಗೆ ಮುಳುಗದಂತೆ ಎತ್ತರವಾಗಬೇಕು. ಮೂಸಿಯ ದಂಡೆಗಳನ್ನು ಹೊಸದಾಗಿ ರೂಪಿಸುವ ಮಾತು ಕೆಲವು ವರ್ಷಗಳಿಂದ ನಡೆದಿದೆ. 2017ರಲ್ಲಿ ಅದಕ್ಕೆಂದೇ ಒಂದು ನಿಗಮವೂ ಆಯಿತು. ನಕ್ಷೆ ಬರೆಯುವ ಹೊತ್ತಿನಲ್ಲೇ ನಡೆಯುವವನ ಮಾತು ಕಿವಿಗೆ ಬೀಳಬೇಕು. ಕಲ್ಲು ಕೂಡಿಸಿದ ಮೇಲೆ ಕೂಗಿ ಫಲವಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಕಾರುಗಳು ಎಲ್ಲಿಗೆ ಹೋಗಬೇಕು? ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳ ಮೇಲೆ ಹೋಗಬೇಕು. ಅಲ್ಲಿ ಸ್ವಲ್ಪ ಇಕ್ಕಟ್ಟಾದೀತು. ಆದ್ದರಿಂದಲೇ ರಜೆಯ ದಿನದ ಬೆಳಿಗ್ಗೆ ಎಂದೆವು. ಆಸ್ಪತ್ರೆಗೆ ರೋಗಿಯನ್ನು ತರುವ ಆಂಬುಲೆನ್ಸು, ಆಟೋಗಳನ್ನು ತಡೆಯುವುದೇ? ಖಂಡಿತ ಕೂಡದು, ಯಾವ ನಿಯಮವೂ ಪ್ರಾಣಕ್ಕಿಂತ ದೊಡ್ಡದಲ್ಲ. ಅಂಗಡಿಯವರ ವ್ಯಾಪಾರ ಕೆಡುವುದಿಲ್ಲವೆ ಎಂದು ಕೇಳಬಹುದು. ಅವರನ್ನು ಕೂರಿಸಿಕೊಂಡು ಮಾತನಾಡಿಯೇ ಹೆಜ್ಜೆ ಇಡಬೇಕು. ನಡೆಯುವ ಗಿರಾಕಿ ನಾಲ್ಕು ಅಂಗಡಿ ಇಣುಕುತ್ತಾನೆ, ಕಾರಿನ ಗಿರಾಕಿ ನಿಲ್ಲಲು ಜಾಗವಿಲ್ಲದೆ ಮುಂದೆ ಹೋಗುತ್ತಾನೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಕೊನೆಯದಾಗಿ, ಇದು ನಮ್ಮ ಸಂಘಕ್ಕೆ ಸೇರಿದ ಮಾತು ಹೇಗೆ ಎಂಬುದು. ಬಂಧುಗಳೇ, ನಮ್ಮ ಹಳೆಯ ಮನೆತನಗಳು ಕಾಚಿಗುಡಾ, ಸುಲ್ತಾನ್ ಬಜಾರ್ ಸುತ್ತಮುತ್ತ ಇದ್ದವು. ಹಿರಿಯರು ನಡೆದುಕೊಂಡೇ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರು. ಈಗ ಹೊಸದಾಗಿ ಬಂದ ಸಂಸಾರಗಳು ಕೊಂಡಾಪುರ, ಗಚ್ಚಿಬೌಲಿ, ಮಿಯಾಪುರಗಳಲ್ಲಿವೆ. ಒಂದು ಊರಿನಲ್ಲೇ ಎರಡು ಕನ್ನಡ ಸಮಾಜಗಳಾದಂತಾಗಿದೆ. ಕಾರುಳ್ಳ ಕಿರಿಯರು ಸಭೆಗೆ ಬರುತ್ತಾರೆ. ರಸ್ತೆ ದಾಟಲು ಅಂಜುವ ಅಜ್ಜ, ಅಜ್ಜಿ ಮನೆಯಲ್ಲೇ ಉಳಿಯುತ್ತಾರೆ. ಅವರು ಬಾರದಿದ್ದರೆ ಸಭೆಯಲ್ಲಿ ಬರಿದಾಗುವುದು ಕುರ್ಚಿಯೊಂದೇ ಅಲ್ಲ. ಮಕ್ಕಳ ಕಿವಿಗೆ ಬೀಳಬೇಕಾದ ಕಲಬುರಗಿಯ ಮಾತು, ರಾಯಚೂರಿನ ಗಾದೆ, ಬೀದರದ ಹಾಡು ಎಲ್ಲವೂ ಮನೆಯಲ್ಲೇ ಉಳಿದುಹೋಗುತ್ತವೆ. ಭಾಷೆ ಪುಸ್ತಕದಿಂದ ಬರುವುದು ಸ್ವಲ್ಪ. ಹಿರಿಯರ ಪಕ್ಕದಲ್ಲಿ ಕೂತು ಬರುವುದು ಬಹಳ. ಮುದುಕರು ನಿರ್ಭಯವಾಗಿ ಓಡಾಡಲಾಗದ ಊರಿನಲ್ಲಿ ಹೊರನಾಡಿನ ಭಾಷೆ ಎರಡನೆಯ ತಲೆಮಾರಿಗೇ ಬಡವಾಗುತ್ತದೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆಯೂ, ಅದೇ ವರ್ಷ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆಯೂ ಉಚಿತ ಬಸ್ ಪ್ರಯಾಣ ಕೊಟ್ಟಿವೆ. ಟಿಕೆಟಿನ ಚಿಂತೆ ಕಳೆಯಿತು. ಆದರೆ ಬಸ್ಸಿನಿಂದ ಇಳಿದು ಮನೆಯ ಬಾಗಿಲಿನವರೆಗಿನ ಹಾದಿಗೆ ಯಾವ ಉಚಿತ ಟಿಕೇಟೂ ಇಲ್ಲ. ಆ ಹಾದಿಯನ್ನು ಸರಿಪಡಿಸುವುದು ನಗರದ ಕೆಲಸ; ಅದನ್ನು ಕೇಳುವುದು ನಾಗರಿಕರಾದ ನಮ್ಮ ಕೆಲಸ. ಹೊರಗಿನಿಂದ ಬಂದವರಿಗೆ ಈ ಉಸಾಬರಿ ಏಕೆ ಎನ್ನಬೇಡಿರಿ. ಯಾವ ಊರಿನ ನೀರು ಕುಡಿದು, ಯಾವ ಸೇತುವೆ ದಾಟಿ ಮಕ್ಕಳನ್ನು ಸಾಕಿದೆವೋ ಆ ಊರಿನಲ್ಲಿ ನಾವು ಅತಿಥಿಗಳಲ್ಲ.

ಆದ್ದರಿಂದ ಸಂಘದ ಮುಂದೆ ಮೂರು ಕೋರಿಕೆಗಳನ್ನಿಡುತ್ತೇವೆ. ನಯಾ ಪುಲ್ಲಿನ ಪ್ರಯೋಗಕ್ಕಾಗಿ ನಗರದ ಅಧಿಕಾರಿಗಳಿಗೆ ಒಂದು ಮನವಿ ಬರೆಯೋಣ. ಅದಕ್ಕೆ ತೆಲುಗು, ಉರ್ದು, ಮರಾಠಿ ನೆರೆಯವರ ಸಹಿಯನ್ನೂ ಪಡೆಯೋಣ. ನಮ್ಮ ಸಭೆಗಳನ್ನು ಬಸ್ಸು ಅಥವಾ ಮೆಟ್ರೊ ನಿಲ್ದಾಣದಿಂದ ನಡೆದು ಬರಬಹುದಾದ ಸ್ಥಳದಲ್ಲಿ, ಕತ್ತಲಾಗುವ ಮೊದಲೇ ಮುಗಿಯುವಂತೆ ಇಟ್ಟುಕೊಳ್ಳೋಣ. ಮುಂದಿನ ರಾಜ್ಯೋತ್ಸವಕ್ಕೆ ನಮ್ಮಲ್ಲಿ ಕೈಕಾಲು ಗಟ್ಟಿಯಾಗಿರುವವರು ಕಾರುಗಳನ್ನು ಮನೆಯಲ್ಲಿ ಬಿಟ್ಟು, ನೆರೆಯ ಹಿರಿಯರೊಬ್ಬರ ಕೈಹಿಡಿದು ಬಸ್ಸಿನಲ್ಲಿ ಕರೆತರೋಣ. ಮೊದಲನೆಯದಕ್ಕೆ ಸರ್ಕಾರದ ಒಪ್ಪಿಗೆ ಬೇಕು, ತಡವಾದೀತು. ಎರಡನೆಯದೂ ಮೂರನೆಯದೂ ನಮ್ಮ ಕೈಯಲ್ಲೇ ಇವೆ. ಅವಕ್ಕೆ ಈ ಸಭೆಯಲ್ಲೇ ನಿಮ್ಮ ಒಪ್ಪಿಗೆಯನ್ನು ಬೇಡುತ್ತೇವೆ.